ಬಾಡಿಗೆ ಹೊಟ್ಟೆ

ರಾತ್ರಿ ಎಂಟರ ಮೇಲೆ ಏನೂ ತಿನ್ನಬೇಡಿ,
ಬೆಳಿಗ್ಗೆ ನೀರು ಕುಡಿದು ಬನ್ನಿ, ಒಂದಕ್ಕೆ ಹೋಗಬೇಡಿ
ಎಂದಿದ್ದರು ಫೋನಿನಲ್ಲಿ.
ಹಾಗೇ ಬಂದಿದ್ದೇನೆ, ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಿಸಿ,
ತುಂಬಿದ ಕೊಡ ಹೊತ್ತವನ ಹಾಗೆ ಹುಷಾರಾಗಿ.

ಇಲ್ಲಿ ನನ್ನ ಹೆಸರು ಮಾಡೆಲ್ಲು.
ಅರವತ್ತೊಂದರ ಮಾಡೆಲ್ಲು, ನಗಬೇಡಿ.
ಮೂವತ್ತೆರಡು ವರ್ಷ ಟಿಕೆಟ್ ಹರಿದ ಕೈ
ಈಗ ತಲೆಯ ಕೆಳಗೆ ದಿಂಬು.
ಅಂಗಿ ಎತ್ತಿ ಮಲಗಿದರೆ ದಿನಕ್ಕೆ ಎಂಟುನೂರು, ಮೇಲೆ ಮಧ್ಯಾಹ್ನದ ಊಟ.
ಹೊಟ್ಟೆಪಾಡಿಗೆ ಜನ ಏನೇನೋ ಮಾಡುತ್ತಾರೆ;
ಹೊಟ್ಟೆಯನ್ನೇ ಬಾಡಿಗೆಗೆ ಬಿಟ್ಟವನು
ನಮ್ಮ ಲಗ್ಗೆರೆಯಲ್ಲಿ ನಾನೊಬ್ಬನೇ.

ಲೋಳೆಸರದಷ್ಟು ತಣ್ಣಗೆ ಜೆಲ್ಲು.
ಸುತ್ತ ಎಂಟು ಜನ ಸರ್ಜನ್ನರು.
ಕೊಯ್ಯಬಲ್ಲವರು, ಹೊಲಿಯಬಲ್ಲವರು,
ಕೊಯ್ಯದೆ ನೋಡುವುದನ್ನು ಕಲಿಯಲು ಬಂದವರು.
ಚಿಂತಾಮಣಿಯಿಂದ ಬಂದ ದಪ್ಪ ಮೀಸೆಯವರು
ಹಲಸಿನಹಣ್ಣು ಬಡಿದು ನೋಡುವ ಹಾಗೆ
ಬೆರಳಲ್ಲೇ ಹೊಟ್ಟೆ ಬಡಿದು ಒಳಗಿನದು ಹೇಳುತ್ತಿದ್ದರಂತೆ.
ಈಗ ಪ್ರೋಬನ್ನು ತಲೆಕೆಳಗಾಗಿ ಹಿಡಿದಿದ್ದಾರೆ.
ಕಲಿಸುವ ಡಾಕ್ಟರ್ ತಸ್ನೀಮ್ ಅವರ ಮಗಳ ವಯಸ್ಸಿನವರು,
ಏನೂ ಅನ್ನದೆ ಮಣಿಕಟ್ಟು ತಿರುಗಿಸಿಕೊಟ್ಟರು.

ಪರದೆಯ ಮೇಲೆ ಇರುವುದು ನಾನಂತೆ.
ಕಾರ್ಯಕ್ರಮ ಮುಗಿದ ಮೇಲಿನ ಹಳೇ ಟೀವಿ.
ಬಿಳಿ ಎಂದರೆ ಮೂಳೆ, ಕಲ್ಲು. ಗಾಳಿ ಎಂದರೆ ಬರೀ ಮಬ್ಬು.
ಕಪ್ಪು ಎಂದರೆ ನೀರು,
ಇರಬಾರದ ಕಡೆ ಕಪ್ಪಿದ್ದರೆ
ರಕ್ತ ಎಂದುಕೊಳ್ಳಿ, ಆಮೇಲೆ ಬೇರೆ ಮಾತು.
ನಾಲ್ಕೇ ಜಾಗ: ಬಲ ಪಕ್ಕೆ, ಎಡ ಪಕ್ಕೆ,
ಎದೆಗುಂಡಿಯ ಕೆಳಗೆ, ಕಿಬ್ಬೊಟ್ಟೆ.
ಎರಡು ನಿಮಿಷ, ಅಷ್ಟೇ.
ನಾಲ್ಕು ಸ್ಟಾಪನ್ನು ಎರಡು ನಿಮಿಷದಲ್ಲಿ
ನನ್ನ ಬಸ್ಸು ಯಾವತ್ತೂ ದಾಟಿದ್ದಿಲ್ಲ.

ಬಲ ಪಕ್ಕೆಯಲ್ಲಿ ಎಲ್ಲರೂ ನಿಲ್ಲುತ್ತಾರೆ.
ಅಲ್ಲಿ ಪಿತ್ತಕೋಶದ ಹಿಂದೆ, ಯಕೃತ್ತಿಗೂ ಮೂತ್ರಪಿಂಡಕ್ಕೂ ನಡುವೆ
ಒಂದು ಸಂದಿ ಇದೆಯಂತೆ.
ಅಣ್ಣತಮ್ಮಂದಿರ ಮನೆಗಳ ಹಾಗೆ ಗೋಡೆಗೆ ಗೋಡೆ ಅಂಟಿ.
‘ನೋಡಿ, ಇಲ್ಲಿ ಏನೂ ಇಲ್ಲ,’ ಎನ್ನುತ್ತಾರೆ ತಸ್ನೀಮ್,
‘ಈ ಏನೂ ಇಲ್ಲವನ್ನು ಚೆನ್ನಾಗಿ ನೋಡಿಟ್ಟುಕೊಳ್ಳಿ.’
ಎಂಟೂ ಜನ ಬಗ್ಗಿ ನೋಡಿದರು.
ನನ್ನಲ್ಲಿ ಏನೂ ಇಲ್ಲದ್ದಕ್ಕೆ
ಈ ಜನ್ಮದಲ್ಲಿ ಮೊದಲ ಸಲ ನನಗೆ ಕೂಲಿ.

ಗಂಗಹನುಮಯ್ಯನ ಮೈಮೇಲೆ ಒಂದು ಗೀರೂ ಇರಲಿಲ್ಲ.
ತೊಂಬತ್ತೆಂಟು, ಗೊರಗುಂಟೆಪಾಳ್ಯದ ಸಿಗ್ನಲ್ಲು,
ಸ್ಟೇರಿಂಗು ಹೊಟ್ಟೆಗೆ ಬಡಿದಿತ್ತು.
ಇಳಿದು ಬಂದ, ಅರ್ಧ ಟೀ ಕುಡಿದ,
‘ಸ್ವಲ್ಪ ಬಿಗಿ ಅಷ್ಟೇ ಕಣೋ, ಶೀಟು ಬರಿ’ ಅಂದ.
ಆಸ್ಪತ್ರೆಯ ಬೆಂಚಿನಲ್ಲಿ ನಲವತ್ತೇಳನೇ ಚೀಟಿ.
ಮುಖ ಸುಣ್ಣ ಬಳಿದ ಹಾಗೆ ಆಗುತ್ತಿದ್ದದ್ದು
ನಾನು ನೋಡುತ್ತಲೇ ಇದ್ದೆ,
ಟ್ಯೂಬ್‌ಲೈಟಿನ ಬೆಳಕಿರಬೇಕು ಅಂದುಕೊಂಡೆ.
ಒಳಗೆ ಒಂದು ಲೋಟ, ಎರಡು ಲೋಟ, ಒಂದು ಚೊಂಬು.
ನಲವತ್ತಾರನೇ ಚೀಟಿ ಕೂಗುವಾಗ
ಅವನ ತಲೆ ನನ್ನ ಭುಜದ ಮೇಲಿತ್ತು.

ಇದನ್ನು ಇಲ್ಲಿ ಯಾರಿಗೂ ಹೇಳಿಲ್ಲ.
ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೇನೆ,
ಪರದೆಗೆ ಅದೂ ಬೀಳಲಿಲ್ಲ.

ಆರನೆಯವಳು ಚಿಕ್ಕ ಹುಡುಗಿ, ಕೈ ನಡುಗುತ್ತಿತ್ತು.
ಬಲ ಪಕ್ಕೆಯನ್ನು ಸರ್ರನೆ ದಾಟಿ ಮುಂದೆ ಹೋದಳು.
ಬಾಯಿ ತಡೆಯಲಿಲ್ಲ, ಹಳೇ ಅಭ್ಯಾಸ:
‘ನಿಧಾನ ತಾಯಿ, ಇಳಿಯೋರಿದ್ದಾರೆ.’
ಯಾರೋ ಕಿಸಕ್ಕನೆ ನಕ್ಕರು. ಅವಳು ನಗಲಿಲ್ಲ.
ಹಿಂದಕ್ಕೆ ಬಂದಳು. ಒತ್ತಿ ಹಿಡಿದಳು.
‘ಉಸಿರು ಎಳೆದುಕೊಳ್ಳಿ ಅಂಕಲ್. ಬಿಡಬೇಡಿ.’
ಬಿಡಲಿಲ್ಲ.
ಆ ಸಂದಿಯನ್ನು ಇಂಚಿಂಚಾಗಿ,
ಬೆಂಚಿನ ಮೇಲೆ ಕೂತ ಒಬ್ಬನನ್ನು ಹುಡುಕುವ ಹಾಗೆ,
ಅವಳು ನೋಡಿದಳು.

ಆಮೇಲೆ ಕಿಬ್ಬೊಟ್ಟೆ, ದೊಡ್ಡದೊಂದು ಕಪ್ಪು ಕೆರೆ.
‘ಇದು ಒಳ್ಳೇ ಕಪ್ಪು,’ ಎಂದರು ತಸ್ನೀಮ್.
‘ಡಾಕ್ಟ್ರೇ, ಒಂದಕ್ಕೆ ಹೋಗಬಹುದಾ?’
‘ಇನ್ನಿಬ್ಬರಿದ್ದಾರೆ.’